ಗ್ಯಾಲಕ್ಸಿ ವೈ ಫೋನಿನ ಹಾಡು, ಫೋಟೋ, ವಿಡಿಯೋ: ಕಾಸರಗೋಡಿನ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಸ್ಯಾಮ್ಸಂಗ್ ಗ್ಯಾಲಕ್ಸಿ ವೈ ಇನ್ನೂ ಇದೆ. ಕೆಲವು ಪೇಟೆಯಲ್ಲಿ ಕೊಂಡದ್ದು, ಕೆಲವು ಗಲ್ಫಿನಿಂದ ಊರಿಗೆ ಬಂದ ಮಾವನೋ ಭಾವನೋ ತಂದುಕೊಟ್ಟದ್ದು. ತುಂಬ ಜನರ ಮೊದಲ ಸ್ಮಾರ್ಟ್‌ಫೋನ್ ಇದು. ಈಗ ಇಲ್ಲದವರ ಮಾತು, ನಗು, ಮನೆಯ ಪೂಜೆ, ಮದುವೆ ಅದರೊಳಗೆ ಉಳಿದಿರುತ್ತದೆ. ಹಾಗಾಗಿ ಇದರ ಬಗ್ಗೆ ಕೇಳುವವರು ಇನ್ನೂ ಇದ್ದಾರೆ. ಏನು ಆಗುತ್ತದೆ, ಏನು ಆಗುವುದಿಲ್ಲ ಅಂತ ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದು ಯಾವ ಕಾಲದ ಫೋನು? ಒಳಗೆ ಏನೇನಿದೆ?

2011ರಲ್ಲಿ ಬಂದದ್ದು. ಮಾಡೆಲ್ ನಂಬರು ಎಸ್5360. ಬ್ಯಾಟರಿ ತೆಗೆದರೆ ಕೆಳಗಿನ ಸ್ಟಿಕ್ಕರಿನಲ್ಲಿ ಈ ನಂಬರು ಕಾಣುತ್ತದೆ. ಪರದೆ 3 ಇಂಚು, ಚುಕ್ಕೆಗಳು 240 ಅಡ್ಡ 320 ಉದ್ದ. ತೂಕ 100 ಗ್ರಾಮಿಗೂ ಕಡಿಮೆ. ಅಂಗಿಯ ಜೇಬಿನಲ್ಲಿದ್ದರೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಪ್ರೊಸೆಸರ್ 832 ಮೆಗಾಹರ್ಟ್ಸ್‌ದು, ಅದೂ ಎಆರ್‌ಎಂವಿ6 ಅನ್ನುವ ಹಳೆಯ ತಲೆಮಾರಿನದು. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ವಿಡಿಯೋದ ತೊಂದರೆಗಳಿಗೆ ಮುಖ್ಯ ಕಾರಣ ಇದೇ. ಸಾಫ್ಟ್‌ವೇರ್ ಅಂಡ್ರಾಯ್ಡ್ 2.3. ಕಂಪನಿಯ ಕಡೆಯಿಂದ ಅದಕ್ಕಿಂತ ಮೇಲಿನದು ಬರಲೇ ಇಲ್ಲ.

ಕ್ಯಾಮೆರಾ ಹೇಗೆ?

2 ಮೆಗಾಪಿಕ್ಸೆಲ್. ಫ್ಲ್ಯಾಶ್ ಇಲ್ಲ, ಫೋಕಸ್ ಹೊಂದಿಸುವ ಸೌಲಭ್ಯ ಇಲ್ಲ, ಮುಂದಿನ ಕ್ಯಾಮೆರಾ ಇಲ್ಲ. ಅತಿ ದೊಡ್ಡ ಫೋಟೋ 1600 ಅಡ್ಡ 1200.

ಆದರೆ ಒಂದು ಮಾತು. ಈ ಫೋನಿನ ಪರದೆಯಲ್ಲೇ ನೋಡಿ ಫೋಟೋ ಚೆನ್ನಾಗಿಲ್ಲ ಅಂತ ಅಳಿಸಿಬಿಡಬೇಡಿ. ಪರದೆಯಲ್ಲಿ ಇರುವುದು 76,800 ಚುಕ್ಕೆ. ಫೋಟೋದಲ್ಲಿ ಇರುವುದು 19,20,000. ಅಂದರೆ ಫೋಟೋದೊಳಗೆ ಪರದೆ ತೋರಿಸುವುದಕ್ಕಿಂತ 25 ಪಾಲು ಜಾಸ್ತಿ ವಿವರ ಇದೆ. ಅದೇ ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದರೆ ಅಜ್ಜಿಯ ಸೀರೆಯ ಅಂಚು, ಹಿಂದಿನ ಗೋಡೆಯ ಕ್ಯಾಲೆಂಡರು ಎಲ್ಲ ಕಾಣುತ್ತದೆ. ಹಗಲು ಹೊತ್ತು ಅಂಗಳದಲ್ಲಿ ತೆಗೆದ ಫೋಟೋ ಆಗಿದ್ದರೆ 4 ಅಡ್ಡ 6 ಇಂಚಿನ ಪ್ರಿಂಟ್ ಹಾಕಿಸಬಹುದು, ಚೆನ್ನಾಗಿಯೇ ಬರುತ್ತದೆ. ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಸಿದರೆ ಮುಖ ಒಡೆದು ಕಾಣುತ್ತದೆ. ಸ್ಟುಡಿಯೋದವರು ಸರಿ ಮಾಡಿಕೊಡುತ್ತೇವೆ ಅಂದರೂ ಇಲ್ಲದ ವಿವರವನ್ನು ಅವರೂ ತರಲಾರರು.

ರೇಷನ್ ಕಾರ್ಡು, ಜಾಗದ ಕಾಗದ ತೆಗೆದರೆ ಅಕ್ಷರ ಮಸುಕು. ಯಾಕೆ?

ಲೆನ್ಸ್ ಒಂದೇ ದೂರಕ್ಕೆ ಕಟ್ಟಿಟ್ಟದ್ದು. ನಾಲ್ಕಾರು ಅಡಿ ದೂರದ ಮನುಷ್ಯ, ಅದರಾಚೆಯ ಮರ, ತೋಟ ಸರಿಯಾಗಿ ಬರುತ್ತದೆ. ಅಂಗೈ ದೂರದ ಕಾಗದ ಬರುವುದಿಲ್ಲ. ಹಿಂದೆ ಸರಿದರೆ ಸ್ಪಷ್ಟವಾಗುತ್ತದೆ, ಆದರೆ ಅಕ್ಷರ ಚಿಕ್ಕದಾಗಿಬಿಡುತ್ತದೆ. ಕಾಗದಪತ್ರಕ್ಕೆ ಇದು ಹೇಳಿ ಮಾಡಿಸಿದ್ದಲ್ಲ. ಝೆರಾಕ್ಸ್ ಅಂಗಡಿಯೇ ಸರಿ.

ರಾತ್ರಿ ಯಕ್ಷಗಾನ ಬಯಲಾಟ, ದೈವದ ಕೋಲದ ವಿಡಿಯೋ ತೆಗೆದದ್ದಿದೆ. ಅದನ್ನು ಚೆನ್ನಾಗಿ ಮಾಡಬಹುದಾ?

ಎಲ್ಲಕ್ಕಿಂತ ಹೆಚ್ಚು ಜನ ಕೇಳುವುದು ಇದನ್ನೇ. ಯಕ್ಷಗಾನದ ಹಳೆಯ ಕವಿ ಪಾರ್ತಿಸುಬ್ಬನ ಕುಂಬಳೆ ಇರುವ ಸೀಮೆಯಲ್ಲಿ ಕೇಳದೆ ಇರುತ್ತಾರಾ!

ವಿಡಿಯೋದ ಅಳತೆ 320 ಅಡ್ಡ 240. ಈಗಿನ ಫುಲ್ ಎಚ್‌ಡಿ ಟಿವಿಯಲ್ಲಿ ಇದರ 27 ಪಾಲು ಚುಕ್ಕೆಗಳಿವೆ. ಅಂದರೆ ಟಿವಿಯ ಪರದೆ ಪೂರ್ತಿ ತುಂಬಬೇಕಾದರೆ ನಿಮ್ಮ ವಿಡಿಯೋದ ಒಂದು ಚುಕ್ಕೆ 27 ಚುಕ್ಕೆಯಷ್ಟು ಜಾಗಕ್ಕೆ ಎಳೆದುಕೊಳ್ಳಬೇಕು. ಅದರ ಮೇಲೆ ರಾತ್ರಿಯ ಬೆಳಕು. ರಂಗಸ್ಥಳದ ಟ್ಯೂಬ್‌ಲೈಟಿನ ಕೆಳಗೆ ಕಿರೀಟದ ಬೇಗಡೆ ಬಿಳಿಯಾಗಿ ಸುಟ್ಟುಹೋಗಿರುತ್ತದೆ, ಮುಖದ ಬಣ್ಣಗಾರಿಕೆ ಕೆಂಪಿನ ಒಂದು ತೇಪೆ ಆಗಿರುತ್ತದೆ, ಹಿಂದೆ ಕೂತ ಭಾಗವತರು ಕತ್ತಲಲ್ಲಿ. ವೇಷ ದಿಗಣ ಹಾರುವಾಗ, ಅಂದರೆ ಸುತ್ತಿ ಸುತ್ತಿ ನೆಗೆಯುವಾಗ, ಕೈಕಾಲು ಗೆರೆಗೆರೆಯಾಗಿ ಎಳೆದುಕೊಂಡು ಹೋಗುತ್ತದೆ. ದೊಂದಿಯ ಬೆಳಕಿನ ಕೋಲ, ತೆಯ್ಯಂ ಆದರೆ ಬೆಂಕಿ ಮಾತ್ರ ಕಾಣುತ್ತದೆ.

ಇದನ್ನು ಕಂಪ್ಯೂಟರಿನಲ್ಲಿ ಒಂದಿಷ್ಟು ಬೆಳಗಿಸಬಹುದು. ಹಾಗೆ ಮಾಡಿದಾಗ ಕತ್ತಲಿನ ಜಾಗದಲ್ಲೆಲ್ಲ ಕಾಳುಕಾಳು ಏಳುತ್ತದೆ. ಮೂಲ ಫೈಲನ್ನು ಹಾಗೇ ಇಟ್ಟು, ಪ್ರತಿಯ ಮೇಲೆ ಮಾತ್ರ ಪ್ರಯೋಗ ಮಾಡಿ. ಈಗಿನ ಕೆಲವು ಆಪ್‌ಗಳು ಮುಖವನ್ನು ತಾವೇ ಊಹಿಸಿ ತಿದ್ದುತ್ತವೆ. ಅದು ನಿಮ್ಮ ಊರಿನ ಕಲಾವಿದನ ಮುಖ ಆಗಿರುವುದಿಲ್ಲ, ಯಾರದೋ ಮುಖ ಆಗಿರುತ್ತದೆ. ನನಗಂತೂ ಮಸುಕಾದ ನಿಜವಾದ ವೇಷವೇ ಇಷ್ಟ.

ಚಿತ್ರ ಹೋದರೂ ಧ್ವನಿ ಬಿಟ್ಟುಕೊಡಬೇಡಿ. ಆ ವಿಡಿಯೋದಿಂದ ಧ್ವನಿಯನ್ನು ಮಾತ್ರ ಬೇರೆ ಫೈಲಾಗಿ ತೆಗೆದಿಡಿ. ಯಾವ ಪದ, ಯಾರ ಭಾಗವತಿಕೆ, ಅರ್ಥದಲ್ಲಿ, ಅಂದರೆ ಪಾತ್ರದ ಮಾತಿನಲ್ಲಿ, ಏನು ಹೇಳಿದರು ಅನ್ನುವುದೆಲ್ಲ ಅದರಲ್ಲಿ ಸಿಗುತ್ತದೆ.

ಧ್ವನಿ ಕೇಳುತ್ತದೆ, ಆದರೆ ಚೆಂಡೆ ಹೊಡೆಯುವಾಗ ಬರೀ ಗರಗರ. ಚಕ್ರತಾಳ ಕೇಳುವುದೇ ಇಲ್ಲ.

ಇಲ್ಲಿ ಎರಡು ಬೇರೆ ಬೇರೆ ಕಾರಣ ಇದೆ.

ಗರಗರ ಬರುವುದು ಮೈಕಿನಿಂದ. ಫೋನಿನ ಮೈಕು ಮಾಡಿರುವುದು ಬಾಯಿಯ ಹತ್ತಿರ ಇಟ್ಟು ಮಾತಾಡುವುದಕ್ಕೆ. ಚೆಂಡೆಯ ಏಟು ಅದು ತಾಳುವ ಮಿತಿಗಿಂತ ಜೋರು. ಮಿತಿ ಮೀರಿದಾಗ ಅಲೆಯ ತುದಿ ಕತ್ತರಿಸಿ ಹೋಗುತ್ತದೆ. ಕತ್ತರಿಸಿಹೋದದ್ದನ್ನು ಆಮೇಲೆ ತರಲು ಆಗುವುದಿಲ್ಲ. ಇನ್ನೂ ಈ ಫೋನಿನಲ್ಲೇ ರೆಕಾರ್ಡು ಮಾಡುವವರಿದ್ದರೆ ಚೆಂಡೆಯ ಬದಿ ಬಿಟ್ಟು, ಎದುರು ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ.

ಚಕ್ರತಾಳ ಮಾಯವಾಗುವುದು ಫೈಲಿನ ನಮೂನೆಯಿಂದ. ಫೈಲಿನ ಹೆಸರಿನ ಕೊನೆಗೆ ಎಎಂಆರ್ ಅಂತಿದ್ದರೆ ಅದು ಫೋನ್ ಕರೆಗೆ ಮಾಡಿದ ನಮೂನೆ. ಸೆಕೆಂಡಿಗೆ 8,000 ಮಾದರಿ ಮಾತ್ರ ತೆಗೆದುಕೊಳ್ಳುತ್ತದೆ, ಹೆಚ್ಚೆಂದರೆ 3,400 ಹರ್ಟ್ಸ್ ತನಕದ ಸ್ವರ ಹಿಡಿಯುತ್ತದೆ. ಮನುಷ್ಯನ ಮಾತು ಅಷ್ಟರಲ್ಲಿ ಅರ್ಥವಾಗುತ್ತದೆ. ತಾಳದ ಝಣತ್ಕಾರ ಇರುವುದೇ ಅದರ ಮೇಲೆ. ತಾಳಮದ್ದಳೆಯ (ವೇಷ ಕಟ್ಟದೆ ಕೂತು ನಡೆಸುವ ಯಕ್ಷಗಾನದ) ಅರ್ಥ, ಅಜ್ಜ ಹೇಳಿದ ಕತೆ, ಮನೆಯ ಹಿರಿಯರು ಹೇಳಿಕೊಟ್ಟ ಶೋಭಾನೆ ಇಂಥದಕ್ಕೆಲ್ಲ ಈ ರೆಕಾರ್ಡರ್ ಸಾಕು. ಪೂರ್ತಿ ಹಿಮ್ಮೇಳಕ್ಕೆ ಸಾಲದು.

ಹಾಡು ಕೇಳಲು ಈಗಲೂ ಉಪಯೋಗಕ್ಕೆ ಬರುತ್ತದಾ?

ಧಾರಾಳವಾಗಿ. ನನ್ನ ಕೇಳಿದರೆ ಈ ಫೋನಿನ ಅತಿ ಒಳ್ಳೆಯ ಗುಣ ಇದೇ. ಇಯರ್‌ಫೋನಿನ 3.5 ಮಿಲಿಮೀಟರ್ ತೂತು ಇದೆ, ಈಗಿನ ಎಷ್ಟೋ ಫೋನುಗಳಲ್ಲಿ ಅದಿಲ್ಲ. ಎಂಪಿ3 ತಡವಿಲ್ಲದೆ ಹಾಡುತ್ತದೆ. ಪರದೆ ಆರಿಸಿ ಕೇಳಿದರೆ ಬ್ಯಾಟರಿಯೂ ಚೆನ್ನಾಗಿ ಬರುತ್ತದೆ.

ಮೆಮೊರಿ ಕಾರ್ಡು 32 ಜಿಬಿ ತನಕ ಹಿಡಿಯುತ್ತದೆ. 64 ಜಿಬಿ ಕಾರ್ಡು ತಂದು ಹಾಕಿ ತಲೆಕೆಡಿಸಿಕೊಳ್ಳಬೇಡಿ. ಲೆಕ್ಕ ಹೀಗೆ: 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಆದರೆ ನಿಮಿಷಕ್ಕೆ ಸುಮಾರು 1 ಎಂಬಿ. ಬರೀ ಮಾತು ಇರುವ ತಾಳಮದ್ದಳೆಗೆ 64 ಕೆಬಿಪಿಎಸ್ ಮೋನೋ ಸಾಕು. ಎಂಟು ಗಂಟೆಯ ಇಡೀ ರಾತ್ರಿಯ ಪ್ರಸಂಗ 230 ಎಂಬಿಯಲ್ಲಿ ಮುಗಿಯುತ್ತದೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥದ ಹಳೆ ಕ್ಯಾಸೆಟ್ಟುಗಳನ್ನು ಎಂಪಿ3 ಮಾಡಿಟ್ಟುಕೊಂಡವರಿದ್ದರೆ ಮನೆಯಲ್ಲಿರುವುದೆಲ್ಲ ಒಂದೇ ಕಾರ್ಡಿಗೆ ಹಿಡಿಸುತ್ತದೆ. ಕಣ್ಣು ಮಂಜಾದ ಹಿರಿಯರಿಗೆ ಇದನ್ನು ತಾಳಮದ್ದಳೆಯ ಪೆಟ್ಟಿಗೆ ಮಾಡಿಕೊಡಿ. ಸಿಮ್ ಬೇಡ, ಇಂಟರ್‌ನೆಟ್ ಬೇಡ, ನಡುವೆ ಜಾಹೀರಾತೂ ಬರುವುದಿಲ್ಲ.

ಸ್ಪೀಕರ್ ಹಿಂಬದಿಯಲ್ಲಿದೆ. ಮೇಜಿನ ಮೇಲೆ ಮಲಗಿಸಿದರೆ ಧ್ವನಿ ಮುಚ್ಚಿಹೋಗುತ್ತದೆ, ಮಗುಚಿ ಇಡಿ.

ಎಫ್‌ಎಂ ರೇಡಿಯೋ ನಮ್ಮಲ್ಲಿ ಸರಿ ಹಿಡಿಯುವುದಿಲ್ಲ.

ಇಯರ್‌ಫೋನಿನ ವಯರೇ ಇದರ ಆಂಟೆನಾ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಇದ್ದರೆ ರೇಡಿಯೋ ಕೆಲಸ ಮಾಡದು. ವಯರನ್ನು ಸುರುಳಿ ಸುತ್ತಿಡಬೇಡಿ, ಉದ್ದಕ್ಕೆ ಬಿಡಿ. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. ಅದರ ಕಾಲು ಭಾಗ, ಅಂದರೆ ಮುಕ್ಕಾಲು ಮೀಟರಾದರೂ ವಯರು ನೇರ ಇರಬೇಕು. ಇಯರ್‌ಫೋನ್ ಚುಚ್ಚಿಟ್ಟು ಸ್ಪೀಕರ್ ಆನ್ ಮಾಡಿದರೆ ಮನೆಮಂದಿಯೆಲ್ಲ ಕೇಳಬಹುದು.

ಮಂಗಳೂರು ಆಕಾಶವಾಣಿ 100.3ರಲ್ಲಿ ಸಿಗುತ್ತದೆ, ಕಣ್ಣೂರು 101.5ರಲ್ಲಿ. ಮಂಜೇಶ್ವರ, ಉಪ್ಪಳದ ಕಡೆ ಮಂಗಳೂರು ಸುಲಭ. ದಕ್ಷಿಣಕ್ಕೆ ಹೊಸದುರ್ಗದತ್ತ ಹೋದಂತೆ ಕಣ್ಣೂರು ಮೇಲಾಗುತ್ತದೆ. ಎಫ್‌ಎಂ ಅಲೆ ನೇರ ಹೋಗುತ್ತದೆ, ಗುಡ್ಡ ದಾಟಿ ಬಗ್ಗುವುದಿಲ್ಲ. ನಮ್ಮ ತೋಟಗಳು ಇರುವುದು ಗುಡ್ಡಗಳ ಸಂದಿಯ ಬಯಲಿನಲ್ಲಿ, ಹಾಗಾಗಿ ತೊಂದರೆ. ಅಡಿಕೆ ತೋಟದಲ್ಲಿ ಕೇಳದ್ದು ಮೇಲಿನ ಮುಳಿಹುಲ್ಲಿನ ಬೋಳುಗುಡ್ಡೆಯಲ್ಲಿ ಸ್ಪಷ್ಟ ಕೇಳುತ್ತದೆ. ಮನೆಯಲ್ಲಾದರೆ ಉಪ್ಪರಿಗೆ, ಇಲ್ಲವೇ ಮಂಗಳೂರಿನ ದಿಕ್ಕಿನ ಕಿಟಕಿ ನೋಡಿ.

ಕನ್ನಡ ಅಕ್ಷರದ ಜಾಗದಲ್ಲಿ ಚೌಕ ಚೌಕ ಡಬ್ಬಿ ಬರುತ್ತದೆ. ಹಾಡಿನ ಹೆಸರೂ ಹಾಗೇ.

ಅಂಡ್ರಾಯ್ಡ್ 2.3ರಲ್ಲಿ ಕನ್ನಡ ಇರಲಿಲ್ಲ. ಕನ್ನಡ, ತೆಲುಗು, ಮಲಯಾಳಂ ಮೂರನ್ನೂ ಗೂಗಲ್ ಸೇರಿಸಿದ್ದು 2012ರಲ್ಲಿ, ಅಂಡ್ರಾಯ್ಡ್ 4.1ಕ್ಕೆ. ಕಾಸರಗೋಡಿನ ನಮಗೆ ಹಾಗಾಗಿ ಎರಡು ಕಡೆಯಿಂದಲೂ ಪೆಟ್ಟು. ಮನೆಯವರು ಕಳಿಸಿದ ಕನ್ನಡ ಮೆಸೇಜೂ ಡಬ್ಬಿ, ಪಂಚಾಯತಿನ ಮಲಯಾಳಂ ಮೆಸೇಜೂ ಡಬ್ಬಿ.

ಕನ್ನಡದ ಫಾಂಟ್ ತಂದು ಹಾಕಿದರೆ ಸಾಲದಾ ಅಂತ ಕೇಳುತ್ತಾರೆ. ಅದಕ್ಕೆ ಮೊದಲು ಫೋನನ್ನು ರೂಟ್ ಮಾಡಬೇಕು, ಅಂದರೆ ಕಂಪನಿ ಮುಚ್ಚಿಟ್ಟ ಒಳಗಿನ ಸಾಫ್ಟ್‌ವೇರಿಗೆ ಕೈಹಾಕುವ ದಾರಿ ಬಿಡಿಸಿಕೊಳ್ಳಬೇಕು. ಮಾಡಿದರೂ ಅಕ್ಷರ ಬರುತ್ತದೆ, ಒತ್ತಕ್ಷರ ಕೂಡುವುದಿಲ್ಲ. ಅಕ್ಷರಗಳನ್ನು ಸೇರಿಸಿ ಒಂದು ರೂಪ ಮಾಡುವ ಕೆಲಸ ಫಾಂಟಿನದು ಮಾತ್ರ ಅಲ್ಲ, ಫೋನಿನ ಸಾಫ್ಟ್‌ವೇರಿನದೂ ಹೌದು. ‘ಅಮ್ಮ’ ಅಂತ ಬರೆದದ್ದು ಮ, ಅರ್ಧಾಕ್ಷರದ ಗುರುತು, ಮತ್ತೆ ಮ ಅಂತ ಬಿಡಿ ಬಿಡಿಯಾಗಿ ಕೂರುತ್ತದೆ.

ಆ ಕಾಲದಲ್ಲಿ ಒಪೆರಾ ಮಿನಿ ಬ್ರೌಸರಿನಲ್ಲಿ ಒಂದು ದಾರಿ ಇತ್ತು. ವಿಳಾಸದ ಜಾಗದಲ್ಲಿ ಇಂಗ್ಲಿಷಿನಲ್ಲಿ opera:config ಅಂತ ಬರೆದರೆ ಒಂದು ಪಟ್ಟಿ ತೆರೆಯುತ್ತಿತ್ತು. ಅದರಲ್ಲಿ ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಅಕ್ಷರ ಬಳಸುವ ಸಾಲಿಗೆ ‘ಯೆಸ್’ ಕೊಟ್ಟರೆ ಆಯಿತು. ಕನ್ನಡವನ್ನು ಅವರ ಸರ್ವರಿನಲ್ಲೇ ಚಿತ್ರ ಮಾಡಿ ಕಳಿಸುತ್ತಿದ್ದರು. ಮಂಗಳೂರು, ಕಾಸರಗೋಡಿನ ಸುದ್ದಿಯನ್ನು ಎಷ್ಟೋ ಜನ ಓದಿದ್ದು ಆ ದಾರಿಯಲ್ಲೇ. ಅದನ್ನು ಕಂಡುಹಿಡಿದು ಒಬ್ಬರಿಗೊಬ್ಬರು ಹೇಳಿಕೊಟ್ಟವರಿಗೆ ಕನ್ನಡದವರು ಋಣಿಗಳು.

ಹಾಡಿನ ಹೆಸರಿಗೆ ಸುಲಭದ ಪರಿಹಾರ: ಕಂಪ್ಯೂಟರಿನಲ್ಲಿ ಫೈಲಿನ ಹೆಸರನ್ನೂ ಒಳಗಿನ ಟ್ಯಾಗನ್ನೂ (ಫೈಲಿನೊಳಗೆ ಬರೆದಿರುವ ಹಾಡಿನ ವಿವರವನ್ನೂ) ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿ, ಆಮೇಲೆ ಕಾರ್ಡಿಗೆ ಹಾಕಿ. ಮ್ಯೂಸಿಕ್ ಪ್ಲೇಯರ್ ತೋರಿಸುವುದು ಟ್ಯಾಗನ್ನು. ಹಾಗಾಗಿ ಫೈಲಿನ ಹೆಸರು ಮಾತ್ರ ಬದಲಿಸಿದರೆ ಡಬ್ಬಿ ಹೋಗುವುದಿಲ್ಲ.

ಬೇರೆ ಫೋನಿನಿಂದ ಹಾಕಿದ ವಿಡಿಯೋ ತೆರೆಯುವುದೇ ಇಲ್ಲ. ತೆರೆದರೂ ಧ್ವನಿ ಮುಂದೆ, ಚಿತ್ರ ಹಿಂದೆ.

ಈಗಿನ ಫೋನುಗಳು ತೆಗೆಯುವ 720, 1080ರ ವಿಡಿಯೋ ಇದರ ಪ್ರೊಸೆಸರಿಗೆ ಹೊರಲಾಗದ ಹೊರೆ. ಎಂಎಕ್ಸ್ ಪ್ಲೇಯರ್ ಎಂಬ ವಿಡಿಯೋ ಆಪ್‌ನವರು ಒಂದು ಕಾಲದಲ್ಲಿ ಎಆರ್‌ಎಂವಿ6ಗೆ ಅಂತಲೇ ಬೇರೆ ಕೋಡೆಕ್ (ವಿಡಿಯೋ ಬಿಡಿಸಿ ತೋರಿಸುವ ತಂತ್ರಾಂಶ) ಕೊಟ್ಟಿದ್ದರು. ಅದರಿಂದ ಕೆಲವು ನಮೂನೆ ತೆರೆಯುತ್ತಿತ್ತು, ಆದರೆ ವೇಗ ಬರುತ್ತಿರಲಿಲ್ಲ.

ಕಂಪ್ಯೂಟರಿನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ನಮೂನೆ ಎಂಪಿ4, ವಿಡಿಯೋ ಎಚ್.264, ಅದರಲ್ಲಿ ಬೇಸ್‌ಲೈನ್ ಪ್ರೊಫೈಲ್. ಅಗಲ 320. ಅಗಲ ಪರದೆಯ ವಿಡಿಯೋ ಆದರೆ 320 ಅಡ್ಡ 180. ಧ್ವನಿ ಎಎಸಿ. ಎರಡೂ ಸೇರಿ ಸೆಕೆಂಡಿಗೆ 400 ಕಿಲೋಬಿಟ್ ಇಟ್ಟರೆ ಒಂದು ಗಂಟೆಯ ವಿಡಿಯೋ 180 ಎಂಬಿ ಆಗುತ್ತದೆ. 3 ಇಂಚಿನ ಪರದೆಗೆ ಅಷ್ಟು ಸಾಕು.

ಯೂಟ್ಯೂಬ್, ವಾಟ್ಸಾಪ್, ಇಂಟರ್‌ನೆಟ್?

ಇಲ್ಲ. ವಾಟ್ಸಾಪ್ ಈ ಅಂಡ್ರಾಯ್ಡಿಗೆ 2020ರ ಫೆಬ್ರವರಿ 1ಕ್ಕೆ ನಿಂತಿತು. 2021ರ ಸೆಪ್ಟೆಂಬರ್ 27ರಿಂದ ಗೂಗಲ್ ಖಾತೆಗೆ ಒಳಗೆ ಹೋಗುವುದೂ ನಿಂತಿತು, ಅದರ ಜತೆ ಪ್ಲೇ ಸ್ಟೋರೂ. ಈಗಿನ ವೆಬ್‌ಸೈಟುಗಳು ಬೇಡುವ ಟಿಎಲ್‌ಎಸ್ 1.2 ಎಂಬ ಭದ್ರತೆ ಇದರ ಬ್ರೌಸರಿಗೆ ಗೊತ್ತಿಲ್ಲ, ಹಾಗಾಗಿ ಹೆಚ್ಚಿನವು ತೆರೆಯುವುದಿಲ್ಲ. ಬ್ಯಾಂಕಿನ ಕೆಲಸಕ್ಕೆ ಯಾವ ಕಾರಣಕ್ಕೂ ಇದನ್ನು ಮುಟ್ಟಬೇಡಿ.

ದುಬೈಯಲ್ಲಿರುವ ಮಗನ ಜತೆ ವಿಡಿಯೋ ಕಾಲ್?

ಮುಂದಿನ ಕ್ಯಾಮೆರಾ ಇಲ್ಲ, ಪ್ರೊಸೆಸರಿಗೂ ತ್ರಾಣ ಇಲ್ಲ. ಸಾಮಾನ್ಯ ಕರೆ ಮಾಡಬಹುದು, 2ಜಿ ಇನ್ನೂ ಕೊಡುತ್ತಿರುವ ಕಂಪನಿಯ ಸಿಮ್ ಇದ್ದರೆ. ಜಿಯೋದಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ, ಅದು ಇದರಲ್ಲಿ ನಡೆಯದು. ಸಿಮ್ ಹಳೆಯ ದೊಡ್ಡ ಅಳತೆಯದ್ದೇ ಬೇಕು. ಚಿಕ್ಕದಿದ್ದರೆ ಅಡಾಪ್ಟರ್ ಹಾಕಿಕೊಳ್ಳಿ.

ಹಳೆಯ ಫೋಟೋ, ವಿಡಿಯೋ ಹೊರಗೆ ತೆಗೆಯುವುದು ಹೇಗೆ?

ಇದನ್ನು ಈ ವಾರವೇ ಮಾಡಿ. ಮೆಮೊರಿ ಕಾರ್ಡು ಚಿರಂಜೀವಿ ಅಲ್ಲ. ವರ್ಷಗಟ್ಟಲೆ ಕರೆಂಟು ಕಾಣದೆ ಬಿದ್ದಿದ್ದರೆ ಒಳಗಿನ ವಿದ್ಯುತ್ ಕಣ ಮೆಲ್ಲ ಸೋರಿಹೋಗುತ್ತದೆ. ಒಂದು ದಿನ ಕಾರ್ಡು ಓದಿಸಿಕೊಳ್ಳುವುದೇ ಇಲ್ಲ.

ಸುಲಭದ್ದು: ಫೋನು ಆಫ್ ಮಾಡಿ, ಹಿಂದಿನ ಮುಚ್ಚಳ ತೆಗೆದು ಕಾರ್ಡು ಹೊರಗೆ ತೆಗೆಯಿರಿ. ಕಾರ್ಡ್ ರೀಡರಿಗೆ ಹಾಕಿ ಕಂಪ್ಯೂಟರಿಗೆ ಚುಚ್ಚಿ. ಕಂಪ್ಯೂಟರ್ ‘ಫಾರ್ಮ್ಯಾಟ್ ಮಾಡಲಾ’ ಅಂತ ಕೇಳಿದರೆ ಬೇಡ ಅನ್ನಿ. ಡಿಸಿಐಎಂ ಫೋಲ್ಡರಿನೊಳಗೆ ಕ್ಯಾಮೆರಾ ಎಂಬ ಫೋಲ್ಡರು ಇರುತ್ತದೆ, ಫೋಟೋ ಮತ್ತು ವಿಡಿಯೋ ಅಲ್ಲಿ. ಧ್ವನಿ ಸಾಮಾನ್ಯವಾಗಿ ಸೌಂಡ್ಸ್ ಎಂಬುದರಲ್ಲಿ. ವಾಟ್ಸಾಪಿನಲ್ಲಿ ಬಂದದ್ದು ವಾಟ್ಸಾಪ್, ಅದರೊಳಗೆ ಮೀಡಿಯಾ. ಹುಡುಕಿ ಹುಡುಕಿ ತೆಗೆಯುವ ಬದಲು ಇಡೀ ಕಾರ್ಡನ್ನೇ ಒಂದು ಫೋಲ್ಡರಿಗೆ ನಕಲು ಮಾಡಿ. ಆರಿಸುವ ಕೆಲಸ ಆಮೇಲೆ.

ರೀಡರ್ ಇಲ್ಲದಿದ್ದರೆ ಮೈಕ್ರೋ ಯುಎಸ್‌ಬಿ ಕೇಬಲ್. ಚುಚ್ಚಿದ ಮೇಲೆ ಪರದೆಯ ಮೇಲ್ಗಡೆಯಿಂದ ಪಟ್ಟಿ ಎಳೆದು ಯುಎಸ್‌ಬಿ ಸ್ಟೋರೇಜ್ ಆನ್ ಮಾಡಬೇಕು. ಆಗ ಫೋನಿನ ಗ್ಯಾಲರಿ ಖಾಲಿ ಕಾಣುತ್ತದೆ. ಹೆದರಬೇಡಿ, ಕಾರ್ಡು ಆ ಹೊತ್ತು ಕಂಪ್ಯೂಟರಿನ ವಶದಲ್ಲಿರುತ್ತದೆ ಅಷ್ಟೆ. ಕೆಲವು ಕೇಬಲ್ಲು ಚಾರ್ಜಿಗೆ ಮಾತ್ರ ಆಗುತ್ತದೆ, ಕಂಪ್ಯೂಟರಿಗೆ ಫೋನು ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ.

ನಕಲಾದ ಮೇಲೆ ಫೈಲುಗಳಿಗೆ ಹೆಸರು ಕೊಡಿ. ಯಾರ ಧ್ವನಿ, ಯಾವ ಊರು, ಯಾವ ವರ್ಷ. ಇದನ್ನು ಹೇಳಬಲ್ಲವರು ಮನೆಯಲ್ಲಿ ಇರುವಾಗಲೇ ಕೇಳಿ ಬರೆಯಿರಿ.

ಗೆರೆ ಎಳೆಯುವ ಲಾಕ್ ಮರೆತುಹೋಗಿದೆ. ಗೂಗಲ್ ಖಾತೆ ಕೇಳುತ್ತದೆ, ತೆಗೆದುಕೊಳ್ಳುವುದಿಲ್ಲ.

ಅಂಗಡಿಗೆ ಕೊಟ್ಟರೆ ಅವರು ರೀಸೆಟ್ ಮಾಡಿ ಕೊಡುತ್ತಾರೆ. ಅದಕ್ಕೆ ಮೊದಲು ಕಾರ್ಡು ತೆಗೆಯಿರಿ. ಈ ಫೋನು ಕಾರ್ಡಿಗೆ ಬೀಗ ಹಾಕುವುದಿಲ್ಲ, ಬೇರೆ ಕಡೆ ಹಾಕಿದರೆ ಎಲ್ಲ ತೆರೆಯುತ್ತದೆ. ರೀಸೆಟ್ಟಿನಲ್ಲಿ ಹೋಗುವುದು ಫೋನಿನೊಳಗೆ ಉಳಿಸಿದ ಕಾಂಟ್ಯಾಕ್ಟು, ಮೆಸೇಜು.

‘ಜಾಗ ಇಲ್ಲ’ ಅಂತ ಹೇಳುತ್ತಲೇ ಇರುತ್ತದೆ, ಕಾರ್ಡು ಖಾಲಿ ಇದೆ.

ಆಪ್‌ಗಳಿಗೆ ಇರುವುದು ಫೋನಿನೊಳಗಿನ 180 ಎಂಬಿ ಮಾತ್ರ. ಸೆಟ್ಟಿಂಗ್ಸ್‌ನಲ್ಲಿ ಅಪ್ಲಿಕೇಶನ್ಸ್‌ಗೆ ಹೋಗಿ ಒಂದೊಂದನ್ನೇ ಕಾರ್ಡಿಗೆ ಸಾಗಿಸಬಹುದು. ಎಲ್ಲವೂ ಹೋಗುವುದಿಲ್ಲ, ಹೋದದ್ದೂ ಸ್ವಲ್ಪ ಭಾಗ ಒಳಗೇ ಬಿಡುತ್ತದೆ. ಹಾಡು ಕೇಳಲು ಮಾತ್ರ ಇಟ್ಟುಕೊಂಡಿದ್ದರೆ ಬೇಡದ್ದನ್ನೆಲ್ಲ ತೆಗೆದುಬಿಡಿ. ಫೋನು ಹಗುರವಾಗಿ ಓಡುತ್ತದೆ.

ಬ್ಯಾಟರಿ ನಿಲ್ಲುವುದಿಲ್ಲ.

1200 ಎಂಎಎಚ್‌ದು, ಈಗ ಅದಕ್ಕೆ ವಯಸ್ಸೂ ಆಗಿದೆ. ಮೊದಲು ಉಬ್ಬಿದೆಯಾ ನೋಡಿ. ಹೊರಗೆ ತೆಗೆದು ಸಪಾಟಾದ ಮೇಜಿನ ಮೇಲಿಟ್ಟು ಬೆರಳಿನಲ್ಲಿ ಮೆಲ್ಲ ತಿರುಗಿಸಿ. ಬುಗುರಿಯಂತೆ ಸುತ್ತಿದರೆ ಉಬ್ಬಿದೆ ಅಂತ ಅರ್ಥ. ಅದನ್ನು ಮತ್ತೆ ಚಾರ್ಜಿಗೆ ಹಾಕಲೇಬಾರದು, ಒತ್ತಬಾರದು, ಚುಚ್ಚಬಾರದು.

ಉಬ್ಬಿಲ್ಲದಿದ್ದರೆ ಬಂಗಾರದ ಬಣ್ಣದ ಸಂಪರ್ಕಗಳನ್ನು ಒಣ ಬಟ್ಟೆಯಲ್ಲಿ ಒರೆಸಿ. ನಮ್ಮ ಆಟಿಯ ಮಳೆಯ ತೇವಕ್ಕೆ ಅಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಬಳಸದೆ ಇಡುವುದಾದರೆ ಬ್ಯಾಟರಿ ಬೇರೆ ತೆಗೆದು, ಅರ್ಧ ಚಾರ್ಜಿನಲ್ಲಿ, ಗಾಳಿಯಾಡದ ಡಬ್ಬಿಯಲ್ಲಿಡಿ.

ಗಡಿಯ ಹತ್ತಿರ ಇರುವವರಿಗೆ ಇನ್ನೊಂದು ಕಾರಣವೂ ಇದೆ. ತಲಪಾಡಿ, ಹೊಸಂಗಡಿಯ ಸುತ್ತಮುತ್ತ ಫೋನು ಒಮ್ಮೆ ಕೇರಳದ ಟವರು, ಒಮ್ಮೆ ಕರ್ನಾಟಕದ ಟವರು ಅಂತ ಹುಡುಕುತ್ತಲೇ ಇರುತ್ತದೆ, ಅದಕ್ಕೆ ಚಾರ್ಜು ಸುರಿದುಹೋಗುತ್ತದೆ. ಮೊಬೈಲ್ ನೆಟ್‌ವರ್ಕ್ಸ್‌ನಲ್ಲಿ ನಿಮ್ಮ ನೆಟ್‌ವರ್ಕನ್ನು ನೀವೇ ಆರಿಸಿ ಇಟ್ಟುಬಿಡಿ. ಹಾಡಿಗೆ ಮಾತ್ರ ಆದರೆ ಏರೋಪ್ಲೇನ್ ಮೋಡಿನಲ್ಲಿಡಿ.

ನಮ್ಮದು ಎರಡು ಸಿಮ್ಮಿನ ಡುಯೋಸ್. ಇದೆಲ್ಲ ಅದಕ್ಕೂ ಆಗುತ್ತದಾ?

ಹೆಚ್ಚುಕಮ್ಮಿ ಆಗುತ್ತದೆ. ಎಸ್6102ರ ಪರದೆ 3.14 ಇಂಚು, ಕ್ಯಾಮೆರಾ 3.15 ಮೆಗಾಪಿಕ್ಸೆಲ್, ಬ್ಯಾಟರಿ 1300. ಪ್ರೊಸೆಸರಿನ ವೇಗ ಅಷ್ಟೇ. ಹಾಗಾಗಿ ವಿಡಿಯೋದ ಕಷ್ಟವೂ ಅಷ್ಟೇ.

ಆನ್ ಆಗುವುದೇ ಇಲ್ಲ. ಬಿಸಾಡಲಾ?

ಕಾರ್ಡು ತೆಗೆದಿಟ್ಟುಕೊಂಡಿರಾ? ಮೊದಲು ಅದು. ಆಮೇಲೆ ಬೇರೆ ಬ್ಯಾಟರಿ ಹಾಕಿ ಒಂದು ಸಲ ನೋಡಿ, ಎಷ್ಟೋ ಸೆಟ್ಟುಗಳಲ್ಲಿ ಸತ್ತಿರುವುದು ಬ್ಯಾಟರಿ ಮಾತ್ರ. ಅದಕ್ಕೂ ಏಳದಿದ್ದರೆ ತೋಟದ ಕಸದ ಗುಂಡಿಗೆ ಹಾಕಬೇಡಿ, ಬೆಂಕಿಗಂತೂ ಬೇಡವೇ ಬೇಡ. ಕಸ ಒಯ್ಯಲು ಮನೆಗೆ ಬರುವ ಹರಿತ ಕರ್ಮ ಸೇನೆಯವರನ್ನು ಇಲೆಕ್ಟ್ರಾನಿಕ್ ವಸ್ತು ಯಾವಾಗ ತೆಗೆದುಕೊಳ್ಳುತ್ತಾರೆ ಅಂತ ಕೇಳಿ, ಫೋನು ಮತ್ತು ಬ್ಯಾಟರಿಯನ್ನು ಬೇರೆ ಬೇರೆ ಕಟ್ಟಿ ಕೊಡಿ. ಬ್ಯಾಟರಿಯ ಸಂಪರ್ಕದ ಮೇಲೆ ಒಂದು ತುಂಡು ಟೇಪು ಅಂಟಿಸಿ.